ಆರು ನಿಮಿಷದ ನಿಲುಗಡೆ

ಹದಿನಾಲ್ಕನೇ ನಂಬರಿನ ಬಸ್ಸಿಗೆ ಇಂಚು ಮಾಸ್ಟರ ಅಂಗಡಿಯೇ ಕೊನೆಯ ನಿಲ್ದಾಣ. ಕಂಬದ ಮೇಲಿನ ಫಲಕದಲ್ಲಿ ಬೇರೆ ಏನೋ ಹೆಸರಿದ್ದರೂ ಕಂಡಕ್ಟರುಗಳು ಕೂಗುವುದು ‘ಟೈಲರ್ ಅಂಗಡಿ’ ಎಂದೇ. ಅಲ್ಲಿ ಪ್ರತಿ ಬಸ್ಸೂ ಆರು ನಿಮಿಷ ನಿಂತು, ಮೂತಿ ತಿರುಗಿಸಿಕೊಂಡು, ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ನಿಂತಷ್ಟು ಹೊತ್ತೂ ಎಂಜಿನ್ ಗುಡುಗುತ್ತಲೇ ಇರುತ್ತದೆ. ಅಂಗಡಿಯ ಗಾಜು ಅದುರುತ್ತದೆ, ಸೂಜಿಡಬ್ಬಿ ಕಿಲಕಿಲ ಎನ್ನುತ್ತದೆ, ಮೇಜಿನ ಮೇಲಿನ ದೊಡ್ಡ ಕತ್ತರಿ ತಾನಾಗಿಯೇ ತೆವಳುತ್ತಾ ಅಂಚಿನ ಕಡೆ ಬರುತ್ತದೆ. ಒಂದು ಬಸ್ಸಿಗೆ ಒಂದು ಇಂಚು. ಮಾಸ್ಟರು ಅಳೆದು ನೋಡಿದ್ದರು.

ಅಳೆಯುವುದು ಅವರ ಹುಟ್ಟುಗುಣ. ಗಿರಾಕಿ ಬಂದು ‘ಸ್ವಲ್ಪ ಲೂಸಾಗಿರಲಿ’ ಎಂದರೆ, ‘ಸ್ವಲ್ಪ ಅಂದ್ರೆ ಕಾಲಿಂಚೋ ಅರ್ಧ ಇಂಚೋ?’ ಎಂದು ಕೇಳದೆ ಬಿಡುತ್ತಿರಲಿಲ್ಲ. ಇಂಚು ಮಾಸ್ಟರು ಎಂಬ ಹೆಸರು ಬಂದದ್ದು ಹಾಗೆ. ಗುಂಡಿಗೆ ಎಂಟು ಸುತ್ತು ದಾರ, ಕೊನೆಗೆ ಎರಡು ಗಂಟು. ಒಂದು ಸುತ್ತು ಹೆಚ್ಚಿಲ್ಲ, ಕಮ್ಮಿಯಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರು ಹಾಕಿದ ಗುಂಡಿ ಬಿತ್ತು ಎಂದು ವಾಪಸು ಬಂದವರು ಒಬ್ಬರೇ: ಅವರ ಮಗಳು.

ಮಗಳು ಹದಿನಾಲ್ಕನೇ ನಂಬರಿನ ಡ್ರೈವರ್. ಬೆಳಿಗ್ಗೆ ಎಂಟು ಹದಿನಾಲ್ಕಕ್ಕೆ ಅವಳ ಬಸ್ಸು ಬಂದು ಅಂಗಡಿಯ ಬಾಗಿಲಿಗೆ ಸರಿಯಾಗಿ ನಿಲ್ಲುತ್ತಿತ್ತು. ಅವಳು ಧುಮುಕಿ ಒಳಗೆ ಬಂದು, ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ‘ಅಪ್ಪ, ಗುಂಡಿ’ ಎಂದು ಯೂನಿಫಾರ್ಮಿನ ತೋಳು ಚಾಚುತ್ತಿದ್ದಳು. ಮಾಸ್ಟರು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ಕನ್ನಡಕ ಏರಿಸಿ, ಸೂಜಿಗೆ ದಾರ ಪೋಣಿಸುತ್ತಿದ್ದರು. ಗುಂಡಿ ಕೂರುವಷ್ಟರಲ್ಲಿ ಟೀ ಮುಗಿಯುತ್ತಿತ್ತು. ಎಂಟು ಇಪ್ಪತ್ತಕ್ಕೆ ಬಸ್ಸು ಹೊರಡುತ್ತಿತ್ತು.

‘ಮಾಸ್ಟ್ರೇ, ಊರಿನವರ ಗುಂಡಿಯೆಲ್ಲ ಗಟ್ಟಿ, ಮಗಳ ಗುಂಡಿ ಮಾತ್ರ ದಿನಾ ಉದುರುತ್ತಲ್ಲ?’ ಎಂದು ಅವಳ ಕಂಡಕ್ಟರ್, ಬಾಗಿಲಿಗೆ ತಲೆ ತಗಲದಂತೆ ಬಗ್ಗಿ ನಿಂತ ಉದ್ದನೆಯ ಆಸಾಮಿ, ಕೆಣಕುತ್ತಿದ್ದ.

‘ಸ್ಟೇರಿಂಗ್ ತಿರುಗಿಸೋ ಕೈ ಅಲ್ವೇನಯ್ಯ. ತೋಳು ಎಳೆಯುತ್ತೆ.’

‘ನಾನು ಅದೇ ಬಸ್ಸಲ್ಲಿ ಟಿಕೆಟ್ ಹರಿಯೋ ಕೈ. ನನ್ನದು ಬಿದ್ದಿಲ್ಲ.’

‘ನೀನು ಕೆಲಸ ಮಾಡಿದ್ರೆ ತಾನೇ?’ ಎಂದು ಮಗಳು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದವಳು. ವಾರದ ರಜೆ ಒಂದು ದಿನ, ಅದೂ ಗಂಡನ ರಜೆಯೊಂದಿಗೆ ಹೊಂದದ ದಿನ. ಹೀಗಾಗಿ ಮಾಸ್ಟರಿಗೆ ಮಗಳು ಸಿಗುತ್ತಿದ್ದುದು ದಿನಕ್ಕೆ ಈ ಆರು ನಿಮಿಷ ಮಾತ್ರ. ಅದರಲ್ಲಿ ಅವರಿಗೆ ಕೊರತೆಯೇನೂ ಕಂಡಿರಲಿಲ್ಲ. ಒಂದೇ ಮನೆಯಲ್ಲಿದ್ದೂ ವಾರಕ್ಕೆ ಆರು ನಿಮಿಷ ಮಾತಾಡದ ಅಪ್ಪ-ಮಕ್ಕಳ ಬಟ್ಟೆಗಳನ್ನೂ ಅವರು ಹೊಲಿದಿದ್ದರು.

ಎಂಟು ತಿಂಗಳ ಹಿಂದೆ, ಒಂದು ಕೋಟಿನ ಬೆನ್ನು ಕತ್ತರಿಸುತ್ತಿದ್ದಾಗ ಮಾಸ್ಟರಿಗೆ ಎದೆ ಹಿಂಡಿತ್ತು. ಕತ್ತರಿಯನ್ನು ಸೀಮೆಸುಣ್ಣದ ಗೆರೆಯ ಮೇಲೇ ನಿಲ್ಲಿಸಿ, ಕುರ್ಚಿಯಲ್ಲಿ ಕೂತು, ಎದುರು ಅಂಗಡಿಯವನನ್ನು ಕೂಗಿದ್ದರು. ಆಸ್ಪತ್ರೆಯಲ್ಲಿ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಆರನೇ ವಾರ ಮತ್ತೆ ಅಂಗಡಿ ತೆರೆದು, ಅದೇ ಗೆರೆಯಿಂದ ಕೋಟು ಮುಂದುವರಿಸಿದರು. ಮಾತ್ರೆ ಗಡಿಯಾರ ನೋಡಿ ನುಂಗುತ್ತಿದ್ದರು. ನಡಿಗೆ ದಿನಕ್ಕೆ ನಲವತ್ತು ನಿಮಿಷ. ಬಿಪಿ ಮಿಷನ್ನಿನಲ್ಲಿ ದಿನಕ್ಕೆ ಮೂರು ಸಲ ಅಳತೆ. ಆ ಅಂಕಿಗಳನ್ನು ಬರೆದದ್ದು ಗಿರಾಕಿಗಳ ಅಳತೆ ಪುಸ್ತಕದಲ್ಲೇ. ಅವರಿಗೂ ಅದರಲ್ಲಿ ಒಂದು ಪುಟವಿತ್ತು: ‘ಸ್ವಂತ. ಎದೆ 38, ಸೊಂಟ 34, ತೋಳು 23½.’ ಅದರ ಕೆಳಗೆ ಮೂರು ಸಾಲು: ಬೆಳಿಗ್ಗೆ ಆರೂವರೆ, ಮನೆ. ಎಂಟೂವರೆ, ಅಂಗಡಿ. ಸಂಜೆ ಆರು, ಮನೆ.

ತೊಂದರೆಯಿದ್ದದ್ದು ನಡುವಿನ ಸಾಲಿನಲ್ಲಿ. ಮನೆಯಲ್ಲಿ 126, 128 ಇರುವ ಬಿಪಿ ಅಂಗಡಿಯಲ್ಲಿ 148 ಆಗುತ್ತಿತ್ತು, ಒಂದೊಂದು ದಿನ 152. ಅದೇ ಹೊತ್ತಿಗೆ ಒಂದು ಅಳತೆ ಚಿಕ್ಕದಾದ ವೇಸ್ಟ್‌ಕೋಟ್ ತೊಟ್ಟ ಹಾಗೆ ಎದೆ ಬಿಗಿಯುತ್ತಿತ್ತು. ಅಂಗಡಿ ಮುಚ್ಚುವ ಭಾನುವಾರ ಈ ಬಿಗಿತ ಸುಳಿಯುತ್ತಿರಲಿಲ್ಲ. ಎಂಟೂವರೆ ಎಂದರೆ ಮಗಳು ಹೋಗಿ ಹತ್ತು ನಿಮಿಷ. ಅವಳ ಬಸ್ಸಿನ ಹೊಗೆ ಇನ್ನೂ ಅಂಗಡಿಯೊಳಗೆ ಸುತ್ತುತ್ತಿದ್ದ ಹೊತ್ತು. ಲೆಕ್ಕ ಮಾಸ್ಟರಿಗೆ ತಿಳಿಯದೆ ಇರಲಿಲ್ಲ. ಆದರೆ ಬಾಯಿ ಬಿಟ್ಟರೆ ಡಾಕ್ಟರು ಅಂಗಡಿ ಬಿಡಿ ಎನ್ನುತ್ತಾರೆ, ಮಗಳು ಬೇರೆ ರೂಟು ಕೇಳಿಕೊಂಡು ಹೋಗುತ್ತಾಳೆ. ಎರಡರಲ್ಲಿ ಯಾವುದಾದರೂ ಆರು ನಿಮಿಷ ಹೋದ ಹಾಗೇ. ಹಾಗಾಗಿ ಆಸ್ಪತ್ರೆಗೆ ಹೋಗುವಾಗ ಮನೆಯ ಎರಡು ಸಾಲುಗಳನ್ನಷ್ಟೇ ಚೀಟಿಯಲ್ಲಿ ನಕಲು ಮಾಡಿಕೊಂಡು ಹೋದರು. ಅಳತೆಯಲ್ಲಿ ಸುಳ್ಳು ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಡಾಕ್ಟರು ‘ಭೇಷ್’ ಎಂದಾಗ ಕಿವಿ ಬಿಸಿಯಾಯಿತು.

ಸಿಕ್ಕಿಬಿದ್ದದ್ದು ಬಿಳಿ ಶರ್ಟುಗಳಿಂದ. ಒಂದು ಹೋಟೆಲಿನವರು ಹನ್ನೆರಡು ಬಿಳಿ ಶರ್ಟು ಹೊಲಿಸಿದ್ದರು. ಮಾಸ್ಟರು ಹೊಲಿದು ಬಾಗಿಲ ಪಕ್ಕದ ಕೋಲಿಗೆ ನೇತುಹಾಕಿದ್ದರು. ಮಧ್ಯಾಹ್ನ ಊಟದ ಡಬ್ಬಿ ತಂದು, ಸಂಜೆವರೆಗೆ ಅಂಚು ಹೊಲಿದು ಇಸ್ತ್ರಿ ಮಾಡುವುದು ಹೆಂಡತಿಯ ಪಾಲಿನ ಕೆಲಸ. ಮೂರನೇ ದಿನ ಅವಳು ಶರ್ಟುಗಳನ್ನು ಇಳಿಸಿ ಬೆಳಕಿಗೆ ಹಿಡಿದಳು.

‘ರೀ, ಇದು ಶರ್ಟೋ, ಒಲೆ ಒರೆಸಿದ ಬಟ್ಟೆಯೋ?’

‘ಏನಾಯ್ತು?’

‘ಹೆಗಲು ನೋಡಿ. ಹನ್ನೆರಡಕ್ಕೂ ಬೂದಿ ಬಣ್ಣ. ಮೂರು ದಿನಕ್ಕೆ ಶರ್ಟು ಹಿಂಗಾದ್ರೆ, ಮೂವತ್ತೊಂದು ವರ್ಷಕ್ಕೆ ನಿಮ್ಮ ಒಳಗೆ ಹೆಂಗಿರಬೇಡ?’

ಮಾಸ್ಟರು ನಕ್ಕು ತೇಲಿಸಿದರು. ಹೆಂಡತಿ ತೇಲಿಸುವ ಪೈಕಿಯಲ್ಲ. ಹೊಸ ಬಿಳಿ ಹತ್ತಿ ಬಟ್ಟೆಯಲ್ಲಿ ಅಂಗೈಯಗಲದ ಮೂರು ತುಂಡು ಕತ್ತರಿಸಿ, ಒಂದನ್ನು ಅಂಗಡಿಯ ಬಾಗಿಲಿಗೆ, ಒಂದನ್ನು ಹಿಂದಿನ ಕೋಣೆಗೆ, ಒಂದನ್ನು ಮನೆಯ ಮುಂದಿನ ಕಿಟಕಿಗೆ ಪಿನ್ನು ಚುಚ್ಚಿ ಸಿಕ್ಕಿಸಿದಳು. ವಾರ ಕಳೆದ ಮೇಲೆ ಮೂರನ್ನೂ ತಂದು ಇಸ್ತ್ರಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮನೆಯದು ಕೊಂಚ ಮಾಸಿತ್ತು. ಹಿಂದಿನ ಕೋಣೆಯದು ಅದಕ್ಕಿಂತ ಸ್ವಲ್ಪ ಹೆಚ್ಚು. ಬಾಗಿಲಿನದು ಪಾದರಸ ಹೋದ ಹಳೆಯ ಕನ್ನಡಿಯ ಬಣ್ಣಕ್ಕೆ ಬಂದಿತ್ತು. ಬೆರಳಿನಿಂದ ತೀಡಿದರೆ ಎಣ್ಣೆಯ ಹಾಗೆ ಜಿಡ್ಡು.

ಅದೇ ಮಧ್ಯಾಹ್ನ ಒಂದು ಶರ್ಟಿನ ಕಾಲರ್ ಅಳತೆ ನೋಡಲು ಪುಸ್ತಕ ತೆಗೆದವಳ ಕೈಗೆ ‘ಸ್ವಂತ’ದ ಪುಟ ಸಿಕ್ಕಿತು. ಅವಳು ನಿಂತಲ್ಲೇ ಓದಿದಳು. ಪುಟ ತಿರುವಿ ಮತ್ತೆ ಓದಿದಳು. ಮಾಸ್ಟರ ಕಾಲಡಿಯ ಹೊಲಿಗೆ ಯಂತ್ರ ತಾನಾಗಿಯೇ ನಿಂತುಹೋಯಿತು.

‘ಡಾಕ್ಟರಿಗೆ ಕೊಟ್ಟ ಚೀಟೀಲಿ ಎರಡು ಸಾಲಿತ್ತು,’ ಎಂದಳು.

‘ಹೂಂ.’

‘ಇಲ್ಲಿ ಮೂರಿದೆ.’

‘ಜಾಗ ಸಾಲಲಿಲ್ಲ.’

‘ಚೀಟೀಲಿ ಜಾಗ ಸಾಲಲಿಲ್ಲ! ಗಿರಾಕಿ ತೋಳು ಎರಡಿದ್ರೆ ಒಂದೇ ಅಳೆದು ಬಿಡ್ತೀರಾ?’ ದನಿ ಏರಿದರೂ ಕಣ್ಣು ತುಂಬಿತ್ತು. ‘ನಾನು ರಾತ್ರಿ ಎದ್ದೆದ್ದು ನಿಮ್ಮ ಉಸಿರು ಕೇಳ್ತೀನಿ ಕಣ್ರೀ. ನೀವು ಇಲ್ಲಿ ಹಗಲು ಬಚ್ಚಿಡ್ತೀರಾ?’

ಮಾಸ್ಟರು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಕೊನೆಗೆ ಹೇಳಿದರು: ‘ಪುಟ್ಟಿಗೆ ಹೇಳ್ಬೇಡ ಕಣೇ. ಗೊತ್ತಾದ್ರೆ ಬರೋದು ಬಿಟ್ಟುಬಿಡ್ತಾಳೆ.’

ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು. ‘ಮೊದಲು ಡಾಕ್ಟರು. ಪುಟ್ಟಿಗೆ ನೀವೇ ಹೇಳಬೇಕು. ಶುಕ್ರವಾರದವರೆಗೆ ಟೈಮು. ಆಮೇಲೆ ನನ್ನ ಬಾಯಿಗೆ ನಾನು ಜವಾಬ್ದಾರಳಲ್ಲ.’

ಡಾಕ್ಟರು ಮಾಸ್ಟರ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದಾದ ಹೆಂಗಸು. ಮೇಜಿನ ಮೇಲೆ ಹೆಂಡತಿ ಹರಡಿದ ಅಳತೆ ಪುಸ್ತಕವನ್ನೂ ಮೂರು ಬಟ್ಟೆ ತುಂಡುಗಳನ್ನೂ ತಿರುಗಿಸಿ ನೋಡಿದರು.

‘ಈ ಬಟ್ಟೆ ಹಿಡಿದಿರೋದು ದಪ್ಪ ಧೂಳು, ಮಸಿ,’ ಎಂದರು. ‘ಹೃದಯಕ್ಕೆ ಕಾಟ ಕೊಡೋದು ಇದಕ್ಕಿಂತ ಸಣ್ಣದು. ಕೂದಲಿನ ದಪ್ಪದಲ್ಲಿ ಮೂವತ್ತನೇ ಒಂದು ಭಾಗ, ಇನ್ನೂ ಸಣ್ಣದೂ ಇರುತ್ತೆ. ಮೂಗು, ಗಂಟಲು ಅದನ್ನ ತಡೆಯಲ್ಲ. ಶ್ವಾಸಕೋಶದ ತಳಕ್ಕೆ ಇಳಿಯುತ್ತೆ, ಒಂದಷ್ಟು ರಕ್ತಕ್ಕೂ ಸೇರುತ್ತೆ. ರಕ್ತನಾಳ ಬಿಗಿಯುತ್ತೆ, ಬಿಪಿ ಏರುತ್ತೆ, ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಜಾಸ್ತಿಯಾಗುತ್ತೆ. ಆರೋಗ್ಯವಾಗಿರೋರು ತಡ್ಕೊಂಡಾರು. ಒಂದು ಸಲ ಎದೆನೋವು ಬಂದು ಸ್ಟೆಂಟ್ ಹಾಕ್ಸಿಕೊಂಡವರಿಗೆ ಇದು ತಮಾಷೆಯಲ್ಲ.’

‘ನಾನು ಹೇಳಲಿಲ್ವಾ?’ ಎಂದಳು ಹೆಂಡತಿ.

‘ತಡೀರಮ್ಮ. ನಿಮ್ಮವರು ಎಂಟೂವರೆಗೆ ಬಿಪಿ ನೋಡೋ ಮುಂಚೆ ಏನು ಮಾಡ್ತಾರೆ?’

‘ಟೀ ಕುಡೀತೀನಿ,’ ಎಂದರು ಮಾಸ್ಟರು. ‘ಮಗಳ ಜೊತೆ ಮಾತಾಡ್ತೀನಿ. ಗುಂಡಿ ಹಾಕ್ತೀನಿ.’

‘ಹಾಗಾದ್ರೆ ಟೀಗೂ ಮಾತಿಗೂ ಒಂದು ಪಾಲು ಇರಬಹುದು. ಎಲ್ಲಾನೂ ಹೊಗೆಯ ತಲೆಗೆ ಕಟ್ಟೋಕಾಗಲ್ಲ. ಇನ್ಮೇಲೆ ಟೀಗೆ ಮುಂಚೆ ಒಂದು ಸಲ, ಆಮೇಲೆ ಅರ್ಧ ಗಂಟೆ ಬಿಟ್ಟು, ಐದು ನಿಮಿಷ ಸುಮ್ಮನೆ ಕೂತು ಒಂದು ಸಲ ನೋಡಿ. ಟೈಲರ್ ಅಲ್ವಾ ನೀವು? ಬಗ್ಗಿ ನಿಂತವನ ಅಳತೆ ತಗೋತೀರಾ?’

ಮಾಸ್ಟರು ನಾಚಿದರು. ಬೇರೆಯವರಿಗೆ ತಾವೇ ಸಾವಿರ ಸಲ ಹೇಳಿದ ಮಾತದು.

ಡಾಕ್ಟರು ಒಂದು ಮಾತ್ರೆಯ ಪ್ರಮಾಣ ಏರಿಸಿದರು. ಬಿಗಿತ ಐದು ನಿಮಿಷಕ್ಕೆ ಇಳಿಯದಿದ್ದರೆ ಯಾರಿಗೂ ಕಾಯದೆ ನೇರ ಆಸ್ಪತ್ರೆಗೆ ಬರಬೇಕೆಂದು ಎರಡು ಸಲ ಹೇಳಿದರು. ಯಂತ್ರವನ್ನು ಹಿಂದಿನ ಕೋಣೆಗೆ ಸಾಗಿಸಿ, ನಡಿಗೆಗೆ ಮುಖ್ಯರಸ್ತೆ ಬಿಟ್ಟು ಒಳದಾರಿ ಹಿಡಿಯಿರಿ ಎಂದರು. ಬಾಗಿಲವರೆಗೆ ಬಂದು ಮತ್ತೆ ಹೇಳಿದರು: ‘ಅಂಗಡಿ ಮುಚ್ಚಿ ಅಂತ ನಾನು ಹೇಳ್ತಾ ಇಲ್ಲ. ಹೊಗೆ ಎಲ್ಲಿಂದ ಬರುತ್ತೋ ಅದನ್ನ ಮೊದಲು ನೋಡಿ.’

ಹೊಗೆ ಎಲ್ಲಿಂದ ಬರುತ್ತದೆಂಬುದು ಮಾಸ್ಟರಿಗೆ ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು.

ಬುಧವಾರ ಹೇಳಬೇಕೆಂದುಕೊಂಡರು, ಮಗಳು ಗಂಡನ ಹೊಸ ಕನ್ನಡಕದ ಕತೆ ಹೇಳಿ ನಗಿಸಿದಳು. ಗುರುವಾರ ಕಂಡಕ್ಟರ್ ಒಳಗೇ ನಿಂತಿದ್ದ. ಶುಕ್ರವಾರ ಏಳೂಮುಕ್ಕಾಲಿಗೇ ಹೆಂಡತಿ ಅಂಗಡಿಗೆ ಬಂದು, ಇಸ್ತ್ರಿ ಮೇಜಿನ ಹಿಂದೆ ಸಾಕ್ಷಿಯ ಹಾಗೆ ಕೂತಳು.

ಎಂಟು ಹದಿನಾಲ್ಕಕ್ಕೆ ಬಸ್ಸು ಬಂತು. ಗಾಜು ಅದುರಿತು. ಕತ್ತರಿ ಹೊರಟಿತು.

‘ಅಮ್ಮ! ನೀನ್ಯಾಕೆ ಇಷ್ಟು ಬೇಗ?’ ಎನ್ನುತ್ತಾ ಮಗಳು ತೋಳು ಚಾಚಿದಳು. ‘ಅಪ್ಪ, ಗುಂಡಿ.’

ಮಾಸ್ಟರು ಸೂಜಿ ತೆಗೆದುಕೊಳ್ಳಲಿಲ್ಲ. ಅಳತೆ ಪುಸ್ತಕ ತೆಗೆದು ಅವಳ ಮುಂದಿಟ್ಟರು, ಅದರ ಪಕ್ಕದಲ್ಲಿ ಬಾಗಿಲಿನ ಬಟ್ಟೆತುಂಡು. ಹೇಗೆ ಶುರುಮಾಡುವುದೆಂದು ತಿಳಿಯದೆ, ‘ನಡುವಿನ ಸಾಲು ನೋಡು’ ಎಂದಷ್ಟೇ ಹೇಳಿದರು. ಉಳಿದದ್ದನ್ನು ಹೆಂಡತಿ ನಾಲ್ಕು ವಾಕ್ಯದಲ್ಲಿ ಮುಗಿಸಿದಳು.

ಮಗಳು ಬಟ್ಟೆಯನ್ನು ಮೂಗಿನ ಹತ್ತಿರ ತಂದಳು. ಡಿಪೋದಲ್ಲಿ ಹತ್ತು ವರ್ಷ ಕಳೆದವಳಿಗೆ ಆ ವಾಸನೆಯ ಗುರುತು ಬೇರೆ ಯಾರೂ ಹೇಳಬೇಕಿರಲಿಲ್ಲ. ಬಾಗಿಲಾಚೆ ನೋಡಿದಳು. ಬಸ್ಸು ನಿಂತಲ್ಲೇ ನಡುಗುತ್ತಾ, ಹಿಂಬದಿಯಿಂದ ಮಸಿ ಉಗುಳುತ್ತಿತ್ತು; ಗಾಳಿ ಅದನ್ನು ನೇರವಾಗಿ ಅಂಗಡಿಯೊಳಗೆ ತಳ್ಳುತ್ತಿತ್ತು.

‘ಅಂದ್ರೆ ದಿನಾ ನೀನು ನನಗೆ ಟೀ ಕೊಡ್ತಿದ್ದೆ, ನಾನು ನಿನಗೆ ಹೊಗೆ ಕೊಡ್ತಿದ್ದೆ.’

‘ನಿನ್ನದೊಂದೇ ಅಲ್ಲ ಪುಟ್ಟಿ. ದಿನಕ್ಕೆ ನಲವತ್ತು ಬಸ್ಸು.’

‘ಬಾಗಿಲಿಗೆ ತಂದು ಒರಗಿಸೋದು ನಾನೊಬ್ಬಳೇ.’

ಅವಳು ಎದ್ದಳು. ಟೀ ಮುಟ್ಟಿರಲಿಲ್ಲ. ಇನ್ನು ಇವಳು ಬರುವುದಿಲ್ಲ ಎಂದು ಮಾಸ್ಟರಿಗೆ ಅನಿಸಿತು. ಎದೆ ಬಿಗಿದದ್ದು ಹೊಗೆಗೋ ಆ ಯೋಚನೆಗೋ ಎಂದು ಯಾವ ಮಿಷನ್ನೂ ಹೇಳುವಂತಿರಲಿಲ್ಲ. ಮಗಳು ಬಸ್ಸು ಹತ್ತಿ ಸೀಟಿನಲ್ಲಿ ಕೂರದೆ, ಕೈ ಚಾಚಿ ಎಂಜಿನ್ ನಿಲ್ಲಿಸಿದಳು.

ಅಂಗಡಿ ಒಮ್ಮೆಲೇ ದೊಡ್ಡದಾದ ಹಾಗಾಯಿತು. ಗೋಡೆಗಡಿಯಾರದ ಟಿಕ್‌ಟಿಕ್ ಕೇಳಿಸಿತು. ಅದಕ್ಕೆ ಸದ್ದಿದೆ ಎಂಬುದೇ ಮಾಸ್ಟರಿಗೆ ಮರೆತಿತ್ತು. ಕತ್ತರಿ ನಿಂತಲ್ಲೇ ನಿಂತಿತ್ತು. ಮಗಳು ವಾಪಸು ಬಂದು ಟೀ ಎತ್ತಿಕೊಂಡಳು.

ಎಂಟು ಇಪ್ಪತ್ತಕ್ಕೆ ಅವಳು ಎಂಜಿನ್ ಹಚ್ಚಿದಾಗ ಇನ್ನೊಂದು ತೊಂದರೆ ಎದುರಾಯಿತು. ಬಸ್ಸಿನ ಬ್ರೇಕಿಗೆ ಬೇಕಾದ ಗಾಳಿಯನ್ನು ತುಂಬುವುದು ಎಂಜಿನ್ನೇ. ಈ ಬಸ್ಸಿನಲ್ಲಿ ಎಲ್ಲೋ ಸೋರಿಕೆಯಿದ್ದು, ನಿಲ್ಲಿಸಿದರೆ ಗಾಳಿ ಇಳಿದುಬಿಡುತ್ತಿತ್ತು. ಇಂಥ ಬಸ್ಸುಗಳ ಡ್ರೈವರುಗಳು ಆರು ನಿಮಿಷವೂ ಎಂಜಿನ್ ಓಡಿಸುತ್ತಿದ್ದುದು ಈ ಕಾರಣಕ್ಕೆ. ಸೋರಿಕೆಯಿಲ್ಲದ ಬಸ್ಸಿನವರು ಓಡಿಸುತ್ತಿದ್ದುದು ಬರೀ ರೂಢಿಯಿಂದ. ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಮೇಲೇರುವವರೆಗೆ ಬಸ್ಸು ಕದಲುವಂತಿರಲಿಲ್ಲ. ನಾಲ್ಕು ನಿಮಿಷ ತಡವಾಯಿತು. ಒಳಗಿದ್ದವರು ಸೀಟು ಬಡಿದರು. ‘ಡ್ರೈವರ್ ಮೇಡಂ ತವರುಮನೆ ಬಿಟ್ಟು ಹೊರಡೋದು ಯಾವತ್ತೂ ಕಷ್ಟ ಸಾರ್, ಸ್ವಲ್ಪ ಸುಧಾರಿಸ್ಕೊಳ್ಳಿ’ ಎಂದು ಕಂಡಕ್ಟರ್ ಅವರನ್ನು ನಗಿಸುತ್ತಿದ್ದುದು ಅಂಗಡಿಯವರೆಗೂ ಕೇಳಿಸಿತು.

ಶನಿವಾರ ಮಗಳು ಬರಲಿಲ್ಲ. ಎಂಟು ಹದಿನಾಲ್ಕರ ಬಸ್ಸನ್ನು ಮೀಸೆಯ ಡ್ರೈವರೊಬ್ಬ ತಂದು, ಗುಡುಗಿಸುತ್ತಲೇ ನಿಂತು, ಹೋದ. ಸೋಮವಾರವೂ ಮೀಸೆಯೇ. ಮಾಸ್ಟರು ಹಿಂದಿನ ಕೋಣೆಗೆ ಯಂತ್ರ ಸಾಗಿಸಿ, ನಡುವಿನ ಬಾಗಿಲು ಎಳೆದುಕೊಂಡು, ಕಾಲಿನ ತುಳಿತಕ್ಕೆ ಮನಸ್ಸು ಕೊಡಲು ನೋಡಿದರು. ಗುಂಡಿ ತೂರುವ ಎರಡು ಕಾಜ ಅಡ್ಡಾದಿಡ್ಡಿ ಹೋದವು.

‘ರೂಟು ಬದಲಾಯಿಸಿಕೊಂಡಳು,’ ಎಂದರು ಊಟದ ಹೊತ್ತಿಗೆ.

‘ಫೋನು ಮಾಡಿ ಕೇಳಿ.’

‘ಕೇಳಿದ್ರೆ ಹೌದು ಅಂತಾಳೆ.’

‘ಅರವತ್ತಕ್ಕೆ ಎರಡು ವರ್ಷ ಬಾಕಿ, ಬುದ್ಧಿ ಮಾತ್ರ ಆರಕ್ಕೆ ನಿಂತಿದೆ,’ ಎಂದು ಹೆಂಡತಿ ತಾನೇ ಫೋನು ಎತ್ತಿಕೊಂಡಳು. ಎರಡು ಸಲ ರಿಂಗಾಗಿ ನಿಂತಿತು. ಡ್ಯೂಟಿಯ ಹೊತ್ತು, ಮಗಳು ಎತ್ತುವುದಿಲ್ಲ. ಸಂಜೆ ಬಂದ ಸಂದೇಶದಲ್ಲಿ ಇದ್ದದ್ದು ಇಷ್ಟೇ: ‘ಬುಧವಾರ ಬರ್ತೀನಿ. ಅಪ್ಪನಿಗೆ ಟೀ ಜಾಸ್ತಿ ಮಾಡೋಕೆ ಹೇಳು.’

ಬುಧವಾರ ಎಂಟು ಹದಿನಾಲ್ಕಕ್ಕೆ ಹಳೆಯ ಬಸ್ಸೇ ಬಂತು. ನಿಂತಿತು. ಸದ್ದೂ ನಿಂತಿತು. ಮಗಳ ಹಿಂದೆಯೇ ಎಣ್ಣೆಗೈಯ ಒಬ್ಬ ಗಿಡ್ಡ ಮನುಷ್ಯ ಇಳಿದ.

‘ಅಪ್ಪ, ಇವರು ನಮ್ಮ ಡಿಪೋ ಮೆಕ್ಯಾನಿಕ್. ದೂರಿನ ಪುಸ್ತಕದಲ್ಲಿ ಗಾಳಿ ಸೋರುತ್ತೆ ಅಂತ ನಾಲ್ಕು ಸಲ ಬರೆದಿದ್ದೆ, ನಾಲ್ಕು ಸಲಾನೂ “ನೋಡಲಾಗಿದೆ” ಅಂತ ಸಹಿ ಹಾಕಿದ್ರು. ಈ ಸಲ ಅವತ್ತು ಇಲ್ಲಿಂದ ಒಯ್ದ ಬಟ್ಟೆ ತುಂಡನ್ನ ಆ ಪುಟಕ್ಕೆ ಪಿನ್ನು ಮಾಡಿ ಕೊಟ್ಟೆ.’

‘ಬಟ್ಟೆ ನೋಡಿದ್ರೆ ಯಾರಿಗಾದ್ರೂ ಹೊಟ್ಟೆ ತೊಳಸುತ್ತೆ ಮಾಸ್ಟ್ರೇ,’ ಎಂದ ಮೆಕ್ಯಾನಿಕ್. ‘ಗಾಳಿಯ ಪೈಪು ಒಂದು ಕಡೆ ಸೀಳಿತ್ತು, ಒಂದು ವಾಲ್ವೂ ಹೋಗಿತ್ತು. ಎರಡೂ ಬದಲಾಯಿಸಿದ್ದೀನಿ. ನಾಲ್ಕು ದಿನ ಬಸ್ಸು ಶೆಡ್ಡಲ್ಲಿ, ಇವರು ಬೇರೆ ರೂಟಲ್ಲಿ. ಇವತ್ತು ನಿಂತು ನೋಡೋಣ ಅಂತ ಬಂದೆ.’

ಕಂಡಕ್ಟರನೂ ಸೇರಿ ನಾಲ್ವರೂ ಸ್ಟೂಲು, ಕುರ್ಚಿ, ಮೇಜಿನ ತುದಿ ಹಿಡಿದು ಕೂತು ಟೀ ಕುಡಿದರು. ಎಂಟು ಇಪ್ಪತ್ತಕ್ಕೆ ಮಗಳು ಎಂಜಿನ್ ಹಚ್ಚಿದಳು. ಮುಳ್ಳು ಇದ್ದಲ್ಲೇ ಇತ್ತು. ಬಸ್ಸು ಒಂದು ನಿಮಿಷವೂ ತಡವಾಗದೆ ಹೊರಟಿತು.

ಉಳಿದ ಡ್ರೈವರುಗಳ ವಿಷಯ ಮಾಸ್ಟರು ಕೈಗೆತ್ತಿಕೊಂಡರು. ಹೊಗೆ, ಹೃದಯ ಎಂದು ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಅವರೇ ಎಷ್ಟು ದಿನ ಕೇಳಿರಲಿಲ್ಲ. ಬಾಗಿಲ ಪಕ್ಕ ಹಲಗೆ ತೂಗುಹಾಕಿ ಸೀಮೆಸುಣ್ಣದಲ್ಲಿ ಬರೆದರು: ‘ಎಂಜಿನ್ ನಿಲ್ಲಿಸಿದವರಿಗೆ ಗುಂಡಿ ಉಚಿತ. ಎಂಟು ಸುತ್ತು, ಎರಡು ಗಂಟು.’ ಬಸ್ಸಿನವರ ಯೂನಿಫಾರ್ಮಿನಲ್ಲಿ ಗುಂಡಿಗೆ ಬರವಿರುವುದು ಊರಿಗೇ ಗೊತ್ತು. ಮೊದಲು ಬಂದವನು ಮೀಸೆ. ಹೊಟ್ಟೆಯ ಮೇಲಿನ ಎರಡು ಗುಂಡಿ ಹೋಗಿ ತಿಂಗಳಾಗಿತ್ತಂತೆ. ‘ಇದಕ್ಕೆ ಹನ್ನೆರಡು ಸುತ್ತು ಬೇಕು,’ ಎಂದು ಮಾಸ್ಟರು ಆ ಹೊಟ್ಟೆಗೊಂದು ಮರ್ಯಾದೆ ತೋರಿಸಿದರು. ಮೀಸೆ ನಕ್ಕ ರಭಸಕ್ಕೆ ಮೂರನೆಯದೂ ಹಾರಿತು.

ಎಲ್ಲರೂ ಬದಲಾದರೆಂದೇನಲ್ಲ. ಒಬ್ಬನ ಬಸ್ಸಿನ ಎಂಜಿನ್ ನಿಲ್ಲಿಸಿದರೆ ಮತ್ತೆ ಹತ್ತುತ್ತಲೇ ಇರಲಿಲ್ಲ. ಅವನು ಇಪ್ಪತ್ತು ಹೆಜ್ಜೆ ಮುಂದೆ, ಖಾಲಿ ನಿವೇಶನದ ಪಕ್ಕ ನಿಲ್ಲತೊಡಗಿದ. ಇಬ್ಬರು ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಮುಖ್ಯರಸ್ತೆಯ ಲಾರಿಗಳಂತೂ ಯಾರ ಗುಂಡಿಗೂ ಕಾಯುವವಲ್ಲ. ಆದರೂ ತಿಂಗಳ ಕೊನೆಗೆ ಹೆಂಡತಿ ಬಾಗಿಲಿಗೆ ಸಿಕ್ಕಿಸಿದ ಹೊಸ ತುಂಡು ಹಿಂದಿನಷ್ಟು ಕಪ್ಪಾಗಿರಲಿಲ್ಲ. ಅಂಗಡಿಯ ಬಿಪಿ 134ಕ್ಕೆ, ಒಂದೆರಡು ದಿನ 130ಕ್ಕೆ ಇಳಿದಿತ್ತು. ವೇಸ್ಟ್‌ಕೋಟ್ ಅಳತೆಗೆ ಬಂದಿತ್ತು. ಬಿಗಿತ ವಾರಕ್ಕೊಮ್ಮೆ ಸುಳಿದರೆ ಹೆಚ್ಚು.

ಈ ಸಲ ಡಾಕ್ಟರ ಮುಂದೆ ಮಾಸ್ಟರು ಪುಸ್ತಕವನ್ನೇ ಬಿಚ್ಚಿಟ್ಟರು.

‘ಚೆನ್ನಾಗಿದೆ,’ ಎಂದರು ಡಾಕ್ಟರು. ‘ಆದ್ರೆ ಮಾತ್ರೆ ಜಾಸ್ತಿ ಮಾಡಿದ್ದೀನಿ, ನೀವು ಒಳಗೆ ಹೋಗಿ ಕೂತಿದ್ದೀರಿ, ಬಸ್ಸೂ ನಿಂತಿದೆ. ಯಾವುದರಿಂದ ಎಷ್ಟು ಇಳೀತು ಅಂತ ಹೇಳೋಕೆ ಬರಲ್ಲ.’

‘ಇಂಚಿನ ಲೆಕ್ಕ ಸಿಗಲ್ಲ ಅನ್ನಿ.’

‘ಸಿಗಲ್ಲ. ಮೂರನ್ನೂ ಬಿಡಬೇಡಿ.’

ಮರುದಿನ ಎಂಟು ಹದಿನಾಲ್ಕಕ್ಕೆ ಮಗಳು ಬಂದು, ಎಂಜಿನ್ ನಿಲ್ಲಿಸಿ, ಸ್ಟೂಲಿನ ಮೇಲೆ ಕೂತು ತೋಳು ಚಾಚಿದಳು. ‘ಅಪ್ಪ, ಗುಂಡಿ.’

ಸದ್ದಿಲ್ಲದ ಅಂಗಡಿಯಲ್ಲಿ ಮಾಸ್ಟರು ಕನ್ನಡಕ ಏರಿಸಿ ನೋಡಿದರು. ಗುಂಡಿಯಿದ್ದ ಜಾಗದಲ್ಲಿ ಉಳಿದ ದಾರದ ತುದಿ ಹರಿದಿರಲಿಲ್ಲ, ಬ್ಲೇಡಿನಿಂದ ನೀಟಾಗಿ ಕತ್ತರಿಸಿದ ಹಾಗಿತ್ತು. ಅದನ್ನು ಅವರು ಇವತ್ತು ಮೊದಲ ಸಲ ನೋಡುತ್ತಿರಲಿಲ್ಲ. ಇಸ್ತ್ರಿ ಮೇಜಿನ ಹಿಂದಿನಿಂದ ಹೆಂಡತಿ ಗಂಡನ ಕೈಯನ್ನೇ ದಿಟ್ಟಿಸುತ್ತಿದ್ದಳು. ಬೆಳಗಿನ ಟೀಗೆ ಅವಳೂ ಈಗ ಬರುವುದು ರೂಢಿಯಾಗಿತ್ತು. ಮಾಸ್ಟರು ಗುಂಡಿಯನ್ನು ಇಟ್ಟು, ಒಂದು ಸುತ್ತು ಹಾಕಿದರು, ಎರಡು ಸುತ್ತು ಹಾಕಿದರು, ದಾರ ಕಚ್ಚಿ ತುಂಡರಿಸಿದರು.

‘ಎರಡೇ?’ ಎಂದಳು ಹೆಂಡತಿ.

‘ನಾಳೆವರೆಗೆ ಸಾಕು,’ ಎಂದು ಮಾಸ್ಟರು ಮಗಳ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದರು. ಹೊರಡಲು ಇನ್ನೂ ಮೂರು ನಿಮಿಷವಿತ್ತು.